ಮಿನಿ ಟ್ರ್ಯಾಕ್ಟರಿನಲ್ಲಿ ಮನೆಯ ಮಣ್ಣುಕೆಲಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಬಿಟ್ಟು ಅಂಗಳ ಒಣಗತೊಡಗಿದರೆ ನಮಗೆ ಬರುವ ಪತ್ರಗಳಲ್ಲಿ ಮಣ್ಣುಕೆಲಸದ್ದೇ ಹೆಚ್ಚು. ಮಿನಿ ಟ್ರ್ಯಾಕ್ಟರಿಗೆ ಸಂಬಂಧಪಟ್ಟ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನಮ್ಮಲ್ಲಿ 24 ಎಚ್‌ಪಿಯ ಮಿನಿ ಟ್ರ್ಯಾಕ್ಟರ್ ಇದೆ. ತೋಟದೊಳಗೆ ಜೆಸಿಬಿ ಬರುವಷ್ಟು ದಾರಿ ಇಲ್ಲ. ಹಿಂದೆ ಬ್ಯಾಕ್‌ಹೋ (ಬಕೆಟ್ಟಿನಿಂದ ನೆಲ ಅಗೆಯುವ ಕೈ) ಕೂರಿಸಿಕೊಂಡರೆ ಉಜಿರುಕಣಿ (ತೋಟದ ನೀರು ಬಸಿಯುವ ಕಾಲುವೆ), ಪೈಪಿನ ಕಣಿ, ಇಂಗುಗುಂಡಿ ಎಲ್ಲ ನಾವೇ ಮಾಡಿಕೊಳ್ಳಬಹುದು ಅಂತ ಮಾರುವವರು ಹೇಳುತ್ತಾರೆ. ಮೂರು ಪಾಯಿಂಟಿಗೆ, ಅಂದರೆ ಹಿಂದಿನ ಲಿಫ್ಟಿನ ಮೂರು ಲಿಂಕುಗಳಿಗೆ, ಸಿಕ್ಕಿಸುವ ಮಾದರಿ ಅಗ್ಗ. ಅದನ್ನೇ ತೆಗೆದುಕೊಳ್ಳಬಹುದೇ?
— ಅಡಿಕೆ ಕೃಷಿಕರು, ಹೆಬ್ರಿ

ಬೇಡ. ನಮ್ಮ ಟ್ರ್ಯಾಕ್ಟರುಗಳ ಹಿಂದಿನ ಲಿಫ್ಟ್ ಮೇಲಕ್ಕೆ ಎತ್ತುತ್ತದೆ, ಅಷ್ಟೇ. ಕೆಳಗಿಳಿಯುವುದು ಸಾಮಾನಿನ ಸ್ವಂತ ತೂಕದಿಂದ. ಒತ್ತಿ ಹಿಡಿಯುವ ಬಲ ಅದಕ್ಕಿಲ್ಲ. ಬಕೆಟ್ಟಿನ ಹಲ್ಲು ಮುರಕಲ್ಲಿಗೆ (ಜಂಬಿಟ್ಟಿಗೆ ಕಲ್ಲಿಗೆ) ಸಿಕ್ಕಿಕೊಂಡಾಗ ನೀವು ಲಿವರ್ ಎಳೆದರೆ ಕಲ್ಲು ಏಳುವುದಿಲ್ಲ, ಬ್ಯಾಕ್‌ಹೋದ ಚೌಕಟ್ಟೇ ಲಿಂಕುಗಳ ಮೇಲೆ ಮಡಚಿಕೊಂಡು ಮೇಲೇಳುತ್ತದೆ. ಚೌಕಟ್ಟಿಗೂ ಟ್ರ್ಯಾಕ್ಟರಿನ ಸೀಟಿಗೂ ನಡುವೆ ಕೂತವರು ನೀವೇ.

ಸಬ್‌ಫ್ರೇಮ್ ಇರುವ ಮಾದರಿ ಕೇಳಿ. ಮುಂದಿನ ಆಕ್ಸಲ್‌ನ ಬ್ರಾಕೆಟ್ಟಿನಿಂದ ಹಿಂದಿನ ಆಕ್ಸಲ್‌ವರೆಗೆ ಎರಡು ಉದ್ದ ಚಾನೆಲ್‌ಗಳು ಟ್ರ್ಯಾಕ್ಟರಿನ ಹೊಟ್ಟೆಯಡಿ ಓಡಿ, ಬ್ಯಾಕ್‌ಹೋ ಅವುಗಳಿಗೆ ಬೋಲ್ಟ್ ಆಗಿರಬೇಕು. ಅಗೆತದ ಎಳೆತ ಆಗ ಇಡೀ ಗಾಡಿಗೆ ಹಂಚಿಹೋಗುತ್ತದೆ. ಸಬ್‌ಫ್ರೇಮ್ ಇಲ್ಲದಿದ್ದರೆ ಅಷ್ಟೂ ಎಳೆತ ಬೀಳುವುದು ಗೇರ್‌ಬಾಕ್ಸಿನ ಮೇಲೆ. ಎಂಜಿನ್ನಿಗೂ ಕ್ಲಚ್ ಹೌಸಿಂಗಿಗೂ ನಡುವಿನ ಬೋಲ್ಟುಗಳು ಸಡಿಲವಾಗುವುದು, ಎರಕದ ಕವಚ ಬಿರುಕು ಬಿಡುವುದು, ಕೊನೆಗೆ ಗಾಡಿಯನ್ನು ಎರಡು ಭಾಗ ಮಾಡಿ ಬಿಚ್ಚಬೇಕಾಗುವುದು ಇದರಿಂದಲೇ. ಹೊರಗಿನಿಂದ ಫ್ರೇಮ್ ಹಾಕಿಸಿದರೆ ವಾರಂಟಿ ಉಳಿಯುತ್ತದೆಯೇ ಎಂದು ಡೀಲರನ್ನು ಮೊದಲೇ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ.

ಎರಡನೆಯದು ಎಣ್ಣೆಯ ಲೆಕ್ಕ. ಅಗೆಯುವ ಕೈಯನ್ನು ಆಡಿಸುವುದು ಪಂಪು ಒತ್ತಿ ಕಳಿಸುವ ಎಣ್ಣೆಯೇ. ಸಣ್ಣ ಬ್ಯಾಕ್‌ಹೋಗೆ ನಿಮಿಷಕ್ಕೆ 25 ಲೀಟರ್ ಎಣ್ಣೆ, 150 ಬಾರ್ ಒತ್ತಡ ಬೇಕು ಎಂದುಕೊಳ್ಳಿ. ಇವೆರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ 6.25 ಕಿಲೋವಾಟ್, ಅಂದರೆ ಸುಮಾರು ಎಂಟೂವರೆ ಎಚ್‌ಪಿ. ಪಂಪಿನಲ್ಲಿ ಆಗುವ ನಷ್ಟ ಸೇರಿಸಿ ಹತ್ತು ಎಂದಿಟ್ಟುಕೊಳ್ಳಿ. ನಿಮ್ಮ ಎಂಜಿನ್ನಿಗೆ ಇದು ಭಾರವಲ್ಲ. ತೊಡಕು ಇರುವುದು ಟ್ರ್ಯಾಕ್ಟರಿನ ಸ್ವಂತ ಪಂಪಿನಲ್ಲಿ. ಮಿನಿ ಟ್ರ್ಯಾಕ್ಟರುಗಳಲ್ಲಿ ಅದು ಚಿಕ್ಕದು, ಮೇಲಾಗಿ ಅದು ಹೀರುವುದು ಗೇರ್‌ಬಾಕ್ಸಿನ ಎಣ್ಣೆಯನ್ನೇ. ಒಂದು ಹೋಸ್ ಒಡೆದರೆ ಗೇರ್‌ಬಾಕ್ಸೂ ಬರಿದು. ಆದ್ದರಿಂದ ಪಿಟಿಒಗೆ (ಎಂಜಿನ್ನಿನ ಬಲವನ್ನು ಹೊರಗಿನ ಯಂತ್ರಕ್ಕೆ ಕೊಡುವ ಹಿಂದಿನ ಶಾಫ್ಟಿಗೆ) ಜೋಡಿಸುವ ಪ್ರತ್ಯೇಕ ಪಂಪು, ಅದಕ್ಕೆ ಬೇರೆ ಟ್ಯಾಂಕು, ವಾಪಸ್ ಲೈನಿನಲ್ಲಿ ಫಿಲ್ಟರ್ ಇರುವುದನ್ನೇ ಆರಿಸಿ. ಪಿಟಿಒ ತಿರುಗುವುದು ನಿಮಿಷಕ್ಕೆ 540 ಸುತ್ತು. ಗೇರ್ ಪಂಪಿಗೆ ಅದಕ್ಕಿಂತ ಹೆಚ್ಚು ವೇಗ ಬೇಕು, ಹಾಗಾಗಿ ನಡುವೆ ಒಂದಕ್ಕೆ ಮೂರರ ಆಸುಪಾಸಿನ ಸ್ಟೆಪ್‌ಅಪ್ ಗೇರ್‌ಬಾಕ್ಸ್ ಇರುತ್ತದೆ. ಅದಿಲ್ಲದೆ ಪಂಪನ್ನು ನೇರ ಸಿಕ್ಕಿಸಿ ಕೊಟ್ಟರೆ ಬೂಮ್ (ಅಗೆಯುವ ಕೈ) ಆಮೆನಡಿಗೆಯಲ್ಲಿ ಏಳುತ್ತದೆ.

ಟ್ರ್ಯಾಕ್ಟರಿನ ಪುಸ್ತಿಕೆಯಲ್ಲಿ ಲಿಫ್ಟ್ ಸಾಮರ್ಥ್ಯ 750 ಕೆಜಿ ಎಂದಿದ್ದರೆ ಅದು ಕೆಳಲಿಂಕಿನ ತುದಿಯಲ್ಲಿ ಅಳೆದದ್ದು. ಬ್ಯಾಕ್‌ಹೋದ ಭಾರದ ಕೇಂದ್ರ ಅದಕ್ಕೂ ಹಿಂದೆ ಇರುತ್ತದೆ. ಭಾರ ಹಿಂದಕ್ಕೆ ಜಾರಿದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ಗಾಡಿಯ ಒಟ್ಟು ತೂಕದ ಐದನೇ ಒಂದು ಪಾಲಾದರೂ ಮುಂದಿನ ಆಕ್ಸಲ್ ಮೇಲೆ ಉಳಿಯಬೇಕು. ಏರಿನಲ್ಲಿ ಸ್ಟೇರಿಂಗ್ ಹೂವಿನಷ್ಟು ಹಗುರವಾಗಿ ತಿರುಗಿದರೆ ಖುಷಿಪಡಬೇಡಿ, ಮುಂದೆ ತೂಕದ ಬಿಲ್ಲೆಗಳನ್ನು ಸೇರಿಸಿ.

ಇನ್ನು ತೋಟದಲ್ಲಿ ನಿಲ್ಲಿಸುವ ಕ್ರಮ. ಸ್ಟೆಬಿಲೈಸರ್ ಕಾಲುಗಳ ಅಡಿಗೆ ಎರಡಿಂಚು ದಪ್ಪದ ಹಲಗೆ ಕೊಡಿ. ಒದ್ದೆ ಮಣ್ಣಿನಲ್ಲಿ ಬರಿಯ ಕಾಲು ಹೂತುಹೋಗುತ್ತದೆ. ಕಾಲುಗಳು ಭಾರ ಹೊತ್ತರೆ ಸಾಕು, ಹಿಂದಿನ ಚಕ್ರ ನೆಲ ಬಿಟ್ಟು ಏಳುವಷ್ಟು ಎತ್ತಬೇಡಿ. ಟ್ರ್ಯಾಕ್ಟರಿನ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ. ಅವು ಗಾಳಿಯಲ್ಲಿದ್ದರೆ ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಒಂದೇ, ಬಿಟ್ಟಿದ್ದರೂ ಒಂದೇ; ಸ್ವಲ್ಪ ಇಳಿಜಾರಿದ್ದರೆ ಗಾಡಿ ಮುಂದಿನ ಚಕ್ರಗಳ ಮೇಲೆ ಜಾರುತ್ತದೆ. ಮುಂದಿನ ಚಕ್ರಗಳಿಗೆ ಮರದ ದಿಮ್ಮಿ ಅಡ್ಡ ಕೊಟ್ಟ ಮೇಲೆಯೇ ಸೀಟು ತಿರುಗಿಸಿ ಕೂರಿ.

ಇಷ್ಟೆಲ್ಲ ಆದ ಮೇಲೆ ಕೈಗೆ ಸಿಗುವುದು ಐದಾರು ಅಡಿ ಆಳದ ಅಗೆತ, ಅದೂ ಮೆದು ಮಣ್ಣಿನಲ್ಲಿ. ಉಜಿರುಕಣಿಗೂ ಪೈಪಿನ ಕಣಿಗೂ ಅದು ಧಾರಾಳ ಸಾಕು. ವರ್ಷಕ್ಕೊಮ್ಮೆ ನಾಲ್ಕೈದು ದಿನದ ಕೆಲಸ ಮಾತ್ರ ಇದ್ದರೆ ಮಿನಿ ಹಿಟಾಚಿಯನ್ನು (ಸಣ್ಣ ಅಗೆಯುವ ಯಂತ್ರ) ಗಂಟೆ ಲೆಕ್ಕದಲ್ಲಿ ತರಿಸುವುದೇ ಜಾಣತನ. ಒಂದೂವರೆ ಮೀಟರ್ ಅಗಲದ ದಾರಿ ಇದ್ದರೆ ಒಳಗೆ ಬರುವ ಸಣ್ಣ ಹಿಟಾಚಿಗಳಿವೆ.

ಪೋಸ್ಟ್ ಹೋಲ್ ಡಿಗ್ಗರಿನಲ್ಲಿ (ಟ್ರ್ಯಾಕ್ಟರಿಗೆ ಸಿಕ್ಕಿಸಿ ಗುಂಡಿ ಕೊರೆಯುವ ಯಂತ್ರ) ತೆಂಗಿನ ಗುಂಡಿ ತೆಗೆಯಬಹುದೇ? ಜಾಗ ಮುರಕಲ್ಲಿನದು. ಮೂರು ಗುಂಡಿ ತೆಗೆಯುವಷ್ಟರಲ್ಲಿ ಆಗರ್ (ಕೊರೆಯುವ ತಿರುಪು) ಎರಡು ಸಲ ನೆಲದೊಳಗೆ ಸಿಕ್ಕಿಬಿತ್ತು.
— ಬ್ರಹ್ಮಾವರ

ಮುರಕಲ್ಲಿನ ಜಾಗದಲ್ಲಿ ತೆಂಗಿಗೆ 1.2 ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ ಬೇಕು. ಆಗರ್ ಒಂದರಿಂದಲೇ ಅದು ಆಗುವುದಿಲ್ಲ, ಆದರೆ ಆಳಿನ ಕೆಲಸವನ್ನು ಅರ್ಧದ ಹತ್ತಿರಕ್ಕೆ ಇಳಿಸಬಹುದು. 18 ಇಂಚಿನ ಆಗರಿನಲ್ಲಿ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ತೂತು ಮೂರಡಿ ಆಳಕ್ಕೆ ಹೊಡೆಯಿರಿ. ಗುಂಡಿಯ ಒಟ್ಟು 1.73 ಘನಮೀಟರಿನಲ್ಲಿ ಮುಕ್ಕಾಲು ಘನಮೀಟರ್ ಹಾಗೆಯೇ ಹೊರಬರುತ್ತದೆ. ತೂತುಗಳ ನಡುವೆ ಉಳಿದ ಗೋಡೆಗಳಿಗೆ ಎರಡೂ ಕಡೆ ಆಸರೆ ಇಲ್ಲದ್ದರಿಂದ ಪಿಕ್ಕಾಸಿಗೆ ಸುಲಭವಾಗಿ ಒಡೆಯುತ್ತವೆ. ತಳದ ಒಂದಡಿ ಕೈಯಿಂದಲೇ ಆಗಬೇಕು.

ಸಿಕ್ಕಿಬೀಳುವುದಕ್ಕೆ ಕಾರಣ ಅವಸರ. ಆಗರ್ ತಿರುಪಿನಂತೆ ತನ್ನನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಲಿಫ್ಟ್ ಪೂರ್ತಿ ಸಡಿಲ ಬಿಟ್ಟರೆ ಕೊರೆಯುವುದಕ್ಕಿಂತ ವೇಗವಾಗಿ ಇಳಿದು, ಸುತ್ತ ಮಣ್ಣು ತುಂಬಿ ಬಿಗಿಯಾಗುತ್ತದೆ. ಆರಿಂಚು ಇಳಿಸಿ, ಮೇಲೆತ್ತಿ, ಮಣ್ಣು ಕೊಡವಿ, ಮತ್ತೆ ಆರಿಂಚು. ಎಂಜಿನ್ ವೇಗ ತಗ್ಗಿನಲ್ಲೇ ಇರಲಿ. ಹಿಂದಿನ ದಿನ ಸಂಜೆ ಗುರುತಿನ ಜಾಗದಲ್ಲಿ ಸಣ್ಣ ಕುಳಿ ಮಾಡಿ ಎರಡು ಕೊಡ ನೀರು ಹೊಯ್ದಿಟ್ಟರೆ ಮುರಕಲ್ಲು ಎಷ್ಟೋ ಮೆದುವಾಗಿರುತ್ತದೆ. ಅದಕ್ಕೇ ಈ ಕೆಲಸಕ್ಕೆ ದೀಪಾವಳಿಯ ಆಸುಪಾಸು ಒಳ್ಳೆಯದು. ಮಾರ್ಚಿಗೆ ಅದೇ ನೆಲ ಆಗರಿನ ಹಲ್ಲು ತಿನ್ನುತ್ತದೆ.

ಸಿಕ್ಕಿಕೊಂಡರೆ ಲಿಫ್ಟಿನಿಂದ ಜಗ್ಗಬೇಡಿ, ಲಿಂಕು ಬಾಗುತ್ತದೆ. ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿ, ಪಿಟಿಒ ಶಾಫ್ಟ್ ಕಳಚಿ, ದೊಡ್ಡ ಪೈಪ್ ರೆಂಚಿನಿಂದ ಆಗರನ್ನು ಹಿಮ್ಮುಖವಾಗಿ ಎರಡು ಮೂರು ಸುತ್ತು ತಿರುಗಿಸಿ. ಸಡಿಲವಾದ ಮೇಲೆ ಶಾಫ್ಟ್ ಹಾಕಿ ನಿಧಾನ ಎತ್ತಿ. ಇದೇ ಕೆಲಸದಲ್ಲಿ ಲುಂಗಿ, ಹೆಗಲ ಬೈರಾಸು, ಸಡಿಲ ತೋಳಿನ ಅಂಗಿ ಬೇಡವೇ ಬೇಡ. 540 ಸುತ್ತು ಎಂದರೆ ಸೆಕೆಂಡಿಗೆ ಒಂಬತ್ತು. ಬಟ್ಟೆಯ ತುದಿ ಸಿಕ್ಕಿದರೆ ಕೈ ಎಳೆದುಕೊಳ್ಳುವಷ್ಟು ಹೊತ್ತೂ ಇರುವುದಿಲ್ಲ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕುವ ತನಕ ಡಿಗ್ಗರ್ ಮೂಲೆಯಲ್ಲಿರಲಿ.

ಗುಂಡಿಯ ತಳದಲ್ಲಿ ಗಟ್ಟಿ ಪದರ ಉಳಿದರೆ ಎರಡು ಕೆಜಿ ಉಪ್ಪು ಹರಡಿ ಬಿಡುವ ಪದ್ಧತಿ ಮುರಕಲ್ಲಿನ ಜಾಗಕ್ಕೆ ಶಿಫಾರಸಾದದ್ದೇ. ಗಿಡ ನೆಡುವುದಕ್ಕೆ ಆರು ತಿಂಗಳು ಮೊದಲು ಹಾಕಬೇಕು. ಇನ್ನು, ಜೇಡಿಯ ಅಂಶ ಇರುವಲ್ಲಿ ಆಗರ್ ಗುಂಡಿಯ ಗೋಡೆಯನ್ನು ಮಡಕೆಯಂತೆ ನುಣುಪು ಮಾಡುತ್ತದೆ. ಬೇರೂ ನೀರೂ ಅಲ್ಲಿ ತಡೆಯುತ್ತವೆ. ಪಿಕ್ಕಾಸಿನ ಮೊನೆಯಿಂದ ಗೋಡೆ ಕೆರೆದು ಒರಟು ಮಾಡಿ.

ಡಿಗ್ಗರಿನ ಶಿಯರ್ ಬೋಲ್ಟ್ ಪದೇ ಪದೇ ತುಂಡಾಗುತ್ತದೆ. ವರ್ಕ್‌ಶಾಪಿನವರು ಹೈ ಟೆನ್ಸೈಲ್ ಹಾಕಿ ಅಂತಾರೆ.
— ಕುಂದಾಪುರ

ಹಾಕಬೇಡಿ. ತುಂಡಾಗುವುದೇ ಆ ಬೋಲ್ಟಿನ ಕೆಲಸ. ಅದು ಗಟ್ಟಿಯಾದರೆ ಮುಂದೆ ಮುರಿಯುವುದು ಗೇರ್‌ಬಾಕ್ಸಿನ ಹಲ್ಲು. ಯಂತ್ರದ ಪುಸ್ತಕದಲ್ಲಿ ಹೇಳಿದ ಅಳತೆ, ಅದೇ ಗ್ರೇಡಿನ ಬೋಲ್ಟ್ ಒಂದು ಡಜನ್ ತಂದಿಟ್ಟುಕೊಳ್ಳಿ. ದಿನಕ್ಕೆ ನಾಲ್ಕೈದು ಹೋಗುತ್ತಿದ್ದರೆ ಆಗರಿನ ಹಲ್ಲು ಮೊಂಡಾಗಿದೆ, ಇಲ್ಲವೇ ಅಡಿಯಲ್ಲಿ ಕರಿಕಲ್ಲಿದೆ. ಗುಂಡಿಯನ್ನು ಒಂದಡಿ ಪಕ್ಕಕ್ಕೆ ಸರಿಸಿ ನೋಡಿ.

ಮನೆಯ ಹಿಂದೆ ಗುಡ್ಡೆ ಇದೆ. ಕಾರು ನಿಲ್ಲಿಸುವುದಕ್ಕೆ ಹನ್ನೆರಡು ಅಡಿ ಜಾಗ ಬೇಕು. ಟ್ರ್ಯಾಕ್ಟರಿಗೆ ಮುಂದಿನ ಲೋಡರ್ ಇದೆ. ಬರೆಯನ್ನು (ಗುಡ್ಡೆಯ ಕಡಿದಾದ ಬದಿಯನ್ನು) ಅಡಿಯಿಂದ ಸ್ವಲ್ಪ ಸ್ವಲ್ಪ ಕೊರೆದು ಮಣ್ಣು ತೆಗೆಯೋಣ ಅಂತಿದ್ದೇವೆ. ಹೇಗೆ ಶುರು ಮಾಡುವುದು?
— ಬಜ್ಪೆ

ಶುರು ಮಾಡಬೇಡಿ. ಈ ಕಂತಿನಲ್ಲಿ ನಾವು ಸ್ಪಷ್ಟವಾಗಿ ಬೇಡ ಎನ್ನುವ ಕೆಲಸಗಳಲ್ಲಿ ಇದೇ ಮುಖ್ಯವಾದದ್ದು.

ನಮ್ಮ ಗುಡ್ಡೆಗಳ ಒಳಗನ್ನು ಒಮ್ಮೆ ಯೋಚಿಸಿ. ಮೇಲೆ ಮುರಕಲ್ಲಿನ ಗಟ್ಟಿ ಟೋಪಿ, ಕೆಲವು ಕಡೆ ಆರಡಿ, ಕೆಲವು ಕಡೆ ಇಪ್ಪತ್ತಡಿ. ಅದರ ಅಡಿಯಲ್ಲಿ ಬಿಳಿ, ಗುಲಾಬಿ, ಹಳದಿ ಬಣ್ಣ ಬೆರೆತ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಪಿಕ್ಕಾಸಿಗೆ ಜಗ್ಗದಷ್ಟು ಗಟ್ಟಿ. ನೀರು ಕುಡಿದರೆ ಬಲವೆಲ್ಲ ಹೋಗಿ ಕರಗಿ ಹರಿಯುತ್ತದೆ. ಡಿಸೆಂಬರಿನಲ್ಲಿ ನೆಟ್ಟಗೆ ಕಡಿದ ಬರೆ ಗೋಡೆಯ ಹಾಗೆ ನಿಂತಿರುವುದನ್ನು ನೋಡಿ ಧೈರ್ಯ ಬರುತ್ತದೆ. ಜೂನ್–ಜುಲೈಯಲ್ಲಿ ಶೇಡಿ ಅಡಿಯಿಂದ ಕೊಚ್ಚಿಹೋಗಿ, ಮೇಲಿನ ಮುರಕಲ್ಲಿನ ಟೋಪಿ ಆಸರೆ ತಪ್ಪಿ ತುಂಡು ತುಂಡಾಗಿ ಬೀಳುತ್ತದೆ. ಅಡಿಯಿಂದ ಕೊರೆಯುವುದೆಂದರೆ ಮಳೆ ಮಾಡುವ ಕೆಲಸವನ್ನು ನೀವೇ ಮುಂಚಿತವಾಗಿ ಮಾಡಿಕೊಟ್ಟ ಹಾಗೆ. ಒಂದು ಘನಮೀಟರ್ ಮಣ್ಣು ಸುಮಾರು 1,700 ಕೆಜಿ. ಹೆಚ್ಚಿನ ಮಿನಿ ಟ್ರ್ಯಾಕ್ಟರುಗಳು ಅದಕ್ಕಿಂತ ಹಗುರ, ಅನೇಕದಕ್ಕೆ ತಲೆಯ ಮೇಲೆ ರಕ್ಷಣಾ ಚೌಕಟ್ಟೂ ಇಲ್ಲ.

ಜಾಗ ಬೇಕೇ ಬೇಕೆಂದರೆ ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮಾಡಿಕೊಂಡು ಬರಬೇಕು. ಒಂದೊಂದು ಮೆಟ್ಟಿಲು ಒಂದೂವರೆ ಮೀಟರಿಗಿಂತ ಎತ್ತರ ಬೇಡ, ನಡುವೆ ಕನಿಷ್ಠ ಒಂದು ಮೀಟರ್ ಅಗಲದ ಚಪ್ಪಟೆ ಜಾಗ, ಅದು ಒಳಕ್ಕೆ ವಾಲಿ ನೀರು ಕಣಿಗೆ ಹರಿಯುವಂತಿರಬೇಕು. ಎಲ್ಲಕ್ಕಿಂತ ಮೊದಲು ಬರೆಯ ನೆತ್ತಿಯ ಹಿಂದೆ ನೀರು ತಿರುಗಿಸುವ ಕಣಿ. ಹಿಟಾಚಿಯ ಉದ್ದ ಕೈ ಮೇಲಿನಿಂದಲೇ ಇದನ್ನು ಮಾಡುತ್ತದೆ. ಎತ್ತರ ಎರಡಾಳು ಮೀರಿದರೆ, ಅಥವಾ ಕಡಿತದಲ್ಲಿ ಬಿಳಿ–ಗುಲಾಬಿ ಮಣ್ಣು ಕಂಡರೆ, ಸಿವಿಲ್ ಎಂಜಿನಿಯರನ್ನು ಕರೆಸದೆ ಮುಂದೆ ಹೋಗಬೇಡಿ. ತಡೆಗೋಡೆ ಕಟ್ಟಿಸಿದರೆ ಅದರಲ್ಲಿ ನೀರು ಸೋರುವ ಪೈಪುಗಳಿರಲಿ, ಹಿಂದೆ ಜಲ್ಲಿ ತುಂಬಿರಲಿ. ಸೋರುವ ದಾರಿ ಇಲ್ಲದ ಗೋಡೆಯನ್ನು ಹಿಂದೆ ಕಟ್ಟಿನಿಂತ ನೀರೇ ದೂಡಿ ಹಾಕುತ್ತದೆ.

ಹಿಟಾಚಿ ಕಡಿದು ಹಾಕಿದ ಸಡಿಲ ಮಣ್ಣನ್ನು ಸಾಗಿಸುವುದಕ್ಕೆ ನಿಮ್ಮ ಲೋಡರ್ ಬಳಸಿ. ಅದು ಅದಕ್ಕೇ ಇರುವುದು. ಮಣ್ಣನ್ನು ನಿಮ್ಮ ಜಾಗದಿಂದ ಹೊರಗೆ ಕಳಿಸುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಪರವಾನಗಿಯ ವಿಷಯ ಮೊದಲೇ ವಿಚಾರಿಸಿಕೊಳ್ಳಿ.

ಇಂಗುಗುಂಡಿಗೆ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಅಂತ ಗುರುತು ಹಾಕಿದ್ದೇವೆ. ತಾರಸಿ ಸಾವಿರ ಚದರಡಿ. ಅಳತೆ ಸರಿಯೇ? ಲೋಡರಿನಲ್ಲಿ ಮಣ್ಣು ಸಾಗಿಸಲು ಎಷ್ಟು ಹೊತ್ತಾದೀತು?
— ಮೂಡುಬಿದಿರೆ

ಸಾವಿರ ಚದರಡಿ ತಾರಸಿಯ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಸುಮಾರು 9,300 ಲೀಟರ್. ನಿಮ್ಮ ಗುಂಡಿ ಹಿಡಿಯುವುದು 9,000. ನಮ್ಮಲ್ಲಿ ಜೋರು ಮಳೆಯ ದಿನಗಳಲ್ಲಿ ನೂರು ಮಿಲಿಮೀಟರ್ ದೊಡ್ಡ ಮಾತಲ್ಲ. ಹಾಗಾಗಿ ಗುಂಡಿ ತುಂಬಿದ ಮೇಲೆ ನೀರು ಹೊರಹೋಗುವ ದಾರಿ ಮೊದಲೇ ಮಾಡಿಡಿ. ಕಲ್ಲು ತುಂಬಿಸುವ ಯೋಚನೆ ಇದ್ದರೆ ನೀರಿಗೆ ಉಳಿಯುವುದು ಮೂರನೇ ಒಂದು ಪಾಲಿನಷ್ಟೇ ಜಾಗ.

ಮಣ್ಣಿನ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ಗುಂಡಿಯದು ಒಂಬತ್ತು ಘನಮೀಟರ್ ಆದರೂ ಅಗೆದ ಮಣ್ಣು ಉಬ್ಬುತ್ತದೆ. ನೂರಕ್ಕೆ ಮೂವತ್ತು ಸೇರಿಸಿದರೆ ಹನ್ನೆರಡು ಘನಮೀಟರಿನ ಹತ್ತಿರ, ಅಂದರೆ ನಾಲ್ಕು ಯೂನಿಟ್ (ನೂರು ಘನಅಡಿಗೆ ಒಂದು ಯೂನಿಟ್) ಮೀರುತ್ತದೆ. ಮಿನಿ ಟ್ರ್ಯಾಕ್ಟರಿನ ಲೋಡರ್ ಬಕೆಟ್ಟಿಗೆ ಸಲಕ್ಕೆ 200 ಕೆಜಿ, ಸುಮಾರು 0.15 ಘನಮೀಟರ್ ಎಂದಿಟ್ಟುಕೊಂಡರೆ ಎಂಬತ್ತು ಸಲ ಓಡಾಟ. ಒಂದು ಸುತ್ತಿಗೆ ಮೂರು ನಿಮಿಷ ಹಿಡಿದರೂ ನಾಲ್ಕು ಗಂಟೆ. ಮಣ್ಣು ಹಾಕುವ ಜಾಗ ಎಲ್ಲಿ ಎಂದು ಮೊದಲೇ ನಿರ್ಧರಿಸಿ, ಇಲ್ಲವಾದರೆ ಒಂದೇ ಮಣ್ಣನ್ನು ಎರಡು ಸಲ ಹೊರಬೇಕಾಗುತ್ತದೆ.

ಬಕೆಟ್ ತುಂಬಿ ಓಡಿಸುವಾಗ ನೆಲದಿಂದ ಒಂದಡಿ ಮೇಲಿದ್ದರೆ ಸಾಕು. ಎತ್ತುವುದು ಸುರಿಯುವ ಜಾಗದಲ್ಲಿ, ಗಾಡಿ ನಿಂತ ಮೇಲೆ. ಎತ್ತಿದ ಬಕೆಟ್ಟಿನೊಂದಿಗೆ ತಿರುವು ತೆಗೆದುಕೊಂಡರೆ ಒಂದು ಚಕ್ರ ಕುಳಿಗೆ ಇಳಿದದ್ದೇ ನೆಪ, ಗಾಡಿ ಮಗುಚುತ್ತದೆ. ಹಿಂದೆ ಭಾರ ಬೇಕು. ಹಿಂದಿನ ಟಯರುಗಳಿಗೆ ನೀರು ತುಂಬಿಸುವುದು ಅಗ್ಗದ ಉಪಾಯ: ಚಕ್ರ ಜಾಕಿ ಮೇಲೆತ್ತಿ, ವಾಲ್ವ್ ನೆತ್ತಿಗೆ ಬರುವಂತೆ ತಿರುಗಿಸಿ, ವಾಲ್ವಿನ ಮಟ್ಟಕ್ಕೆ ನೀರು ಬರುವವರೆಗೆ ತುಂಬಿಸಿ. ಮುಕ್ಕಾಲು ಭಾಗ ನೀರು, ಉಳಿದದ್ದು ಗಾಳಿ.

ಅಗೆದ ಮಣ್ಣು ಗುಂಡಿಯ ಅಂಚಿನಿಂದ ಒಂದೂವರೆ ಮೀಟರ್ ದೂರವಿರಲಿ. ಚಕ್ರವೂ ಅಷ್ಟೇ: ಗುಂಡಿ ಎಷ್ಟು ಆಳವೋ ಅಷ್ಟು ದೂರ. ಮತ್ತೊಂದು ಮಾತು, ನೀವು ಕೇಳಿಲ್ಲದಿದ್ದರೂ: ಗುಂಡಿಯ ಕೆಳಬದಿಗೆ ಬರೆ ಇದೆಯೇ? ಇದ್ದರೆ ಅಲ್ಲಿ ಇಂಗುಗುಂಡಿ ಬೇಡ. ಇಂಗಿದ ನೀರು ಶೇಡಿಗೆ ತಲುಪಿದರೆ ಬರೆ ಜರಿಯುತ್ತದೆ.

ಕಡಲ ಬದಿಯ ಜಾಗ. ಪಾಯಿಖಾನೆಯ ಹೊಂಡ ಆರಡಿ ಆಳಕ್ಕೆ ತೆಗೆಯಬೇಕು. ಎಷ್ಟು ಅಗೆದರೂ ಹೊಯಿಗೆ (ಮರಳು) ವಾಪಸ್ ಕುಸಿಯುತ್ತದೆ.
— ಮಲ್ಪೆ

ಒಣ ಹೊಯಿಗೆ ನೆಟ್ಟಗೆ ನಿಲ್ಲುವುದೇ ಇಲ್ಲ. ಒಂದಡಿ ಆಳಕ್ಕೆ ಒಂದೂವರೆ ಅಡಿ ಹೊರಕ್ಕೆ ಇಳಿಜಾರು ಬಿಡಬೇಕು. ಆರಡಿಗೆ ಎಲ್ಲ ಕಡೆಯೂ ಒಂಬತ್ತು ಅಡಿ ಹೋಗುತ್ತದೆ, ಮನೆಯ ಪಂಚಾಂಗದ (ಅಡಿಪಾಯದ) ಹತ್ತಿರ ಅದು ಸಾಧ್ಯವಿಲ್ಲ. ಬಾವಿಗೆ ರಿಂಗು ಇಳಿಸುವ ಕ್ರಮವೇ ಇದಕ್ಕೂ ಸರಿ: ಸಿಮೆಂಟ್ ರಿಂಗನ್ನು ನೆಲದ ಮೇಲಿಟ್ಟು ಒಳಗಿನ ಹೊಯಿಗೆ ತೆಗೆಯುತ್ತ ಹೋದರೆ ರಿಂಗು ತಾನಾಗಿ ಇಳಿಯುತ್ತದೆ, ಮೇಲೆ ಇನ್ನೊಂದು ಇಡುವುದು. ಸುತ್ತಲೂ ಸಮನಾಗಿ ತೆಗೆಯಿರಿ, ಒಂದು ಬದಿ ಹೆಚ್ಚು ತೆಗೆದರೆ ರಿಂಗು ವಾಲುತ್ತದೆ. ಟ್ರ್ಯಾಕ್ಟರನ್ನು ಹತ್ತಿರ ತರಬೇಡಿ, ಅದರ ನಡುಗಾಟಕ್ಕೇ ಹೊಯಿಗೆ ಜಾರುತ್ತದೆ. ನೀರಿನ ಮಟ್ಟ ತಗ್ಗಿರುವ ಏಪ್ರಿಲ್–ಮೇಯಲ್ಲಿ ಮಾಡಿ. ಆದರೆ ಅಳತೆ ತೆಗೆದುಕೊಳ್ಳುವಾಗ ಮಳೆಗಾಲದ ನೀರಿನ ಮಟ್ಟವನ್ನೇ ನೆನಪಿನಲ್ಲಿಡಿ. ಇಂಗುವ ಹೊಂಡಕ್ಕೂ ಕುಡಿಯುವ ನೀರಿನ ಬಾವಿಗೂ ನಡುವೆ 18 ಮೀಟರ್ ಇರಲೇಬೇಕು, ನೆರೆಮನೆಯ ಬಾವಿಯೂ ಲೆಕ್ಕಕ್ಕೆ ಸೇರುತ್ತದೆ.

ಜಾಗದ ಮೂಲೆಯಲ್ಲಿ ಪೈಪ್‌ಲೈನಿನ ಗುರುತುಕಲ್ಲು ಇದೆ. ಅಲ್ಲಿ ಸಣ್ಣ ಕೆರೆ ತೋಡಬಹುದೇ? ಜಾಗ ನಮ್ಮದೇ.
— ಶಿರ್ವ

ಜಾಗ ನಿಮ್ಮದೇ, ಆದರೆ ಪೈಪು ಹಾದುಹೋಗುವ ಪಟ್ಟಿಯಲ್ಲಿ ಬಳಕೆಯ ಹಕ್ಕು ಕಂಪನಿಯದು. 1962ರ ಪೈಪ್‌ಲೈನ್ ಕಾಯಿದೆಯ ಪ್ರಕಾರ ಆ ಪಟ್ಟಿಯಲ್ಲಿ ಕಟ್ಟಡ ಕಟ್ಟುವುದು, ಕೆರೆ–ಬಾವಿ ತೋಡುವುದು, ಮರ ನೆಡುವುದು ಕೂಡದು. ನಿಮ್ಮ ಕಡೆ ಪಾದೂರಿನ ನೆಲದಡಿಯ ಸಂಗ್ರಹಾಗಾರಕ್ಕೆ ಕಚ್ಚಾತೈಲದ ಪೈಪು ಹೋಗುತ್ತದೆ. ಮಂಗಳೂರಿನ ದಕ್ಷಿಣಕ್ಕೆ 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಅನಿಲ ಪೈಪು ಇದೆ. ಕಲ್ಲಿನ ಮೇಲೆ ಬರೆದಿರುವ ದೂರವಾಣಿ ಸಂಖ್ಯೆಗೆ ಕರೆಮಾಡಿ, ಅವರ ಸಿಬ್ಬಂದಿ ಬಂದು ಪಟ್ಟಿಯ ಅಗಲ ಗುರುತು ಮಾಡಿಕೊಟ್ಟ ಮೇಲೆ, ಅದರಿಂದ ಆಚೆ ಕೆರೆಯ ಜಾಗ ನೋಡಿ. ಪೇಟೆಯೊಳಗಿನ ಓದುಗರಿಗೂ ಒಂದು ಮಾತು: ಕಣಿ ತೋಡುವಾಗ ಹೊಯಿಗೆಯ ಹಾಸು, ಸಾಲಾಗಿ ಜೋಡಿಸಿದ ಇಟ್ಟಿಗೆ, ಬಣ್ಣದ ಪ್ಲಾಸ್ಟಿಕ್ ಪಟ್ಟಿ ಇವುಗಳಲ್ಲಿ ಯಾವುದು ಕಂಡರೂ ಅಡಿಯಲ್ಲಿ ಕೇಬಲ್ಲೋ ಗ್ಯಾಸಿನ ಪೈಪೋ ಇದೆ ಎಂದೇ ತಿಳಿದು ಯಂತ್ರ ನಿಲ್ಲಿಸಿ. ಕೇಬಲ್ಲಾದರೆ ಮೆಸ್ಕಾಂನ 1912ಕ್ಕೆ ತಿಳಿಸಿ.

ಮಳೆಗಾಲ ಕಳೆದು ಟ್ರ್ಯಾಕ್ಟರ್ ಹೊರಗೆ ತೆಗೆದರೆ ಲೋಡರ್ ಬಕೆಟ್ ನಡುಗುತ್ತ ಏಳುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಚಹಾದ ಬಣ್ಣಕ್ಕೆ ತಿರುಗಿದೆ.
— ಕಾರ್ಕಳ

ಎಣ್ಣೆಗೆ ನೀರು ಸೇರಿದೆ. ಗೇರ್ ಲಿವರಿನ ರಬ್ಬರ್ ಹರಿದಿರಬಹುದು, ಡಿಪ್‌ಸ್ಟಿಕ್ಕಿನ ಓರಿಂಗು ಹೋಗಿರಬಹುದು, ಬ್ರೀದರ್ ಕೆಸರಿನಿಂದ ಮುಚ್ಚಿರಬಹುದು. ಜೋರು ನೀರು ಹೊಡೆದು ತೊಳೆಯುವ ಅಭ್ಯಾಸವಿದ್ದರೆ ಅದೂ ಒಂದು ಕಾರಣ. ಹಾಗೇ ಕೆಲಸ ಮಾಡಿಸಬೇಡಿ, ಪಂಪು ಮತ್ತು ಬೇರಿಂಗು ಎರಡೂ ಹಾಳಾಗುತ್ತವೆ. ಒಂದು ರಾತ್ರಿ ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಎಂಜಿನ್ ಹಾಕುವ ಮೊದಲೇ ಡ್ರೈನ್ ಪ್ಲಗ್ ಬಿಚ್ಚಿ. ತಳದಲ್ಲಿ ಪ್ರತ್ಯೇಕವಾಗಿ ನಿಂತ ನೀರು ಮೊದಲು ಬರುತ್ತದೆ. ಎಣ್ಣೆ ಪೂರ್ತಿ ಇಳಿಸಿ, ಫಿಲ್ಟರ್ ಹೊಸದು, ಸಕ್ಷನ್ ಜಾಲರಿ ಡೀಸೆಲ್‌ನಲ್ಲಿ ತೊಳೆದು, ಕಂಪನಿ ಹೇಳಿದ ದರ್ಜೆಯ ಎಣ್ಣೆ ತುಂಬಿಸಿ. ಸಿಲಿಂಡರುಗಳೊಳಗೆ ಹಳೆಯ ಎಣ್ಣೆ ಉಳಿದಿರುತ್ತದೆ. ಹಾಗಾಗಿ ಹತ್ತು ಹದಿನೈದು ಗಂಟೆ ಕೆಲಸವಾದ ಮೇಲೆ ಬಣ್ಣ ನೋಡಿ. ಮತ್ತೆ ಮಸುಕಾಗಿದ್ದರೆ ಇನ್ನೊಮ್ಮೆ ಬದಲಾಯಿಸಬೇಕು. ಎಣ್ಣೆಯ ಮಟ್ಟ ನೋಡುವಾಗ ಬಕೆಟ್ ನೆಲದ ಮೇಲಿರಲಿ. ಎತ್ತಿಟ್ಟು ನೋಡಿದರೆ ಮಟ್ಟ ಕಡಿಮೆ ತೋರಿಸುತ್ತದೆ, ನೀವು ಹೆಚ್ಚು ತುಂಬಿಸಿಬಿಡುತ್ತೀರಿ.